ಸಂದರ್ಶನದ ಸಿದ್ಧತೆ

ಶಿಷ್ಯನನ್ನು ಪರೀಕ್ಷಿಸದೆ ವೈದ್ಯಶಾಸ್ತ್ರವನ್ನು ಬೋಧಿಸಬಾರದೆಂಬುದು ನಮ್ಮ ಪ್ರಾಚೀನರ ಮತ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿದವರಿಗೆ ಈ ಪರೀಕ್ಷೆಯು ಎಷ್ಟು ಕೂಲಂಕಷವಾಗಿದ್ದಿತೆಂಬುದು ತಿಳಿದೀತು. ಬಂದ ಹುಡುಗನು ಶಾಂತನೇ, ಲೋಭವಿಲ್ಲದವನೇ, ಆಲಸ್ಯವಿಲ್ಲದವನೇ, ಕೇಳಿದ್ದನ್ನು ನೆನಪಿನಲ್ಲಿಡಬಲ್ಲವನೇ, ಸಕಲ ಪ್ರಾಣಿಗಳ ಹಿತವನ್ನು ಬಯಸುವವನೇ ಎಂದು ನೋಡುವುದಷ್ಟೇ ಅಲ್ಲ. ಅವನ ಮೂಗು ನೆಟ್ಟಗಿದೆಯೇ, ನಾಲಗೆ ತೆಳುವಾಗಿ ಕೆಂಪಾಗಿದೆಯೇ, ಹಲ್ಲು ತುಟಿಗಳು ಸರಿಯಾಗಿವೆಯೇ ಎಂಬುದನ್ನೂ ಆಚಾರ್ಯನು ನೋಡಬೇಕು. ಮೂಗು ನಾಲಗೆಗಳ ಪರೀಕ್ಷೆ ಈಗ ನಿಂತುಹೋಗಿದೆ. ಉಳಿದದ್ದು ನಿಂತಿಲ್ಲವೆಂಬುದನ್ನು ನಾವು ಈಚೆಗೆ ಚನ್ನಗಿರಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತೇ ಅರಿತುಕೊಂಡೆವು.

ನಮ್ಮ ತಮ್ಮನು ಇಪ್ಪತ್ತೈದು ವರ್ಷಗಳಿಂದ ಅಮೆರಿಕದ ನಾರ್ತ್ ಕೆರೊಲಿನಾ ಸಂಸ್ಥಾನದಲ್ಲಿ ಇಂಜಿನಿಯರಾಗಿ ನೆಲಸಿರುವನು. ಅವನ ಮಗಳಿಗೆ ಇಪ್ಪತ್ತನಾಲ್ಕು ವಯಸ್ಸು. ಜೀವಶಾಸ್ತ್ರದಲ್ಲಿ ಪದವಿ ಪಡೆದು, ವೃದ್ಧರ ಶುಶ್ರೂಷಾಲಯವೊಂದರಲ್ಲಿ ಎರಡು ವರ್ಷ ಪರಿಚಾರಿಕೆಯಾಗಿ ದುಡಿದು, ಫಿಜಿಷಿಯನ್ ಅಸಿಸ್ಟೆಂಟ್ ಎಂಬ ವೃತ್ತಿಯ ಶಾಲೆಗೆ ಸೇರಬೇಕೆಂದು ಹಟ ಹಿಡಿದವಳು. ಹಿಂದಿನ ವರ್ಷ ಎರಡು ಶಾಲೆಗಳವರು ಸಂದರ್ಶನಕ್ಕೆ ಕರೆದು, ಇಬ್ಬರೂ ಬೇಡವೆಂದರು. ಈ ವರ್ಷವೂ ಹಾಗೆಯೇ ಆದರೆ ಈ ಗೊಡವೆಯನ್ನೇ ಬಿಟ್ಟು ವೈದ್ಯಕೀಯ ಕಾಲೇಜಿನ ಪ್ರವೇಶಪರೀಕ್ಷೆಗೆ ಕುಳಿತುಕೊಳ್ಳತಕ್ಕದ್ದೆಂದು ತಂದೆಗೂ ಮಗಳಿಗೂ ಕರಾರಾಗಿದ್ದಿತು. ಇಂತಹ ಸ್ಥಿತಿಯಲ್ಲಿ ಅವಳು ಆಷಾಢದ ಮಳೆಯಲ್ಲಿ ನಮ್ಮ ಮನೆಗೆ ಬಂದಳು. ಬಂದ ಎಂಟು ದಿನಕ್ಕೆ ಮತ್ತೊಂದು ಶಾಲೆಯಿಂದ ಕರೆ ಬಂದಿತು. ಸಂದರ್ಶನವು ಕಂಪ್ಯೂಟರಿನ ಮೂಲಕವೇ ಎಂದೂ, ಎಲ್ಲಿಂದ ಬೇಕಾದರೂ ಮಾತನಾಡಬಹುದೆಂದೂ ಬರೆದಿದ್ದರು. ಹುಡುಗಿಯು, “ದೊಡ್ಡಪ್ಪ, ಇಲ್ಲೇ ಇದ್ದು ತಯಾರಾಗ್ತೀನಿ. ನೀವು ಪ್ರಶ್ನೆ ಕೇಳಿ” ಎಂದಳು.

ಈ ವೃತ್ತಿಯ ವಿಚಾರವನ್ನು ಓದುಗರಿಗೆ ಎರಡು ಮಾತಿನಲ್ಲಿ ಹೇಳಿಬಿಡುವುದು ಮೇಲು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಯೂಜೀನ್ ಸ್ಟೆಡ್ ಎಂಬ ವೈದ್ಯರು, ನೌಕಾಸೇನೆಯಲ್ಲಿ ಶುಶ್ರೂಷೆಯ ಕೆಲಸ ಮಾಡಿ ಬಂದಿದ್ದ ನಾಲ್ವರನ್ನು ಸೇರಿಸಿಕೊಂಡು ಇದಕ್ಕೆ ಮೊದಲು ಮಾಡಿದರು. ಎರಡು ವರ್ಷದ ತರುವಾಯ ಅವರಲ್ಲಿ ಮೂವರು ತೇರ್ಗಡೆಯಾದರು. ವೈದ್ಯರ ಕೊರತೆಯೇ ಇದಕ್ಕೆ ಕಾರಣ. ಈಗ ಆ ದೇಶದಲ್ಲಿ ಇದು ಸುಮಾರು ಇಪ್ಪತ್ತೇಳು ತಿಂಗಳ ಸ್ನಾತಕೋತ್ತರ ಶಿಕ್ಷಣ. ಮೊದಲೊಂದು ವರ್ಷ ಪಾಠ, ಅನಂತರ ಆಸ್ಪತ್ರೆಗಳಲ್ಲಿ ಅಭ್ಯಾಸ. ತೇರ್ಗಡೆಯಾದವರು ವೈದ್ಯರೊಡನೆ ಕೂಡಿ ರೋಗಿಯನ್ನು ಪರೀಕ್ಷಿಸುವರು, ರೋಗನಿರ್ಣಯ ಮಾಡುವರು, ಔಷಧವನ್ನೂ ಬರೆಯುವರು. ನಮ್ಮ ದೇಶಕ್ಕೆ ಇದನ್ನು ತಂದವರು ಹೃದಯ ಶಸ್ತ್ರವೈದ್ಯರಾದ ಕೆ. ಎಂ. ಚೆರಿಯನ್ ಅವರು, 1992ರಲ್ಲಿ, ಮದರಾಸಿನಲ್ಲಿ. 2021ರ ಕೇಂದ್ರ ಶಾಸನವೊಂದರಲ್ಲಿ ಈ ವೃತ್ತಿಯವರ ಹೆಸರೂ ಸೇರಿದೆ.

ಚನ್ನಗಿರಿಯ ಹಳಬರಿಗೆ ಇದನ್ನು ಹೇಳಹೊರಟರೆ, “ಓಹೋ, ಕಾಂಪೌಂಡರು!” ಎನ್ನುವರು. ಅದು ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ನಮ್ಮ ಬಾಲ್ಯದಲ್ಲಿ ಡಾಕ್ಟರ ಕೋಣೆಯ ಹೊರಗೆ ಸಣ್ಣ ಕಿಟಕಿಯ ಹಿಂದೆ ಕಾಂಪೌಂಡರು ಕುಳಿತಿರುತ್ತಿದ್ದರು. ಕೆಂಪು ಔಷಧದ ಸೀಸೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ, ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಬೇಕೆಂದು ಹೇಳುವರು. ಡಾಕ್ಟರ ಮುಂದೆ ಬಾಯಿ ಬಿಡದ ಹೆಂಗಸರು ಆ ಕಿಟಕಿಯ ಮುಂದೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಡಾಕ್ಟರಿಗೆ ರೋಗದ ಅರ್ಧ ತಿಳಿಯುತ್ತಿದ್ದುದು ಕಾಂಪೌಂಡರಿಂದ.

ಹುಡುಗಿಯು ತಂದಿದ್ದ ಪುಸ್ತಕದಲ್ಲಿ ಎಂಬತ್ತು ಪ್ರಶ್ನೆಗಳೂ ಅವುಗಳಿಗೆ ಇಂಗ್ಲಿಷಿನಲ್ಲಿ ಅಂದವಾದ ಎಂಬತ್ತು ಉತ್ತರಗಳೂ ಇದ್ದವು. ಮೊದಲ ಸಾಯಂಕಾಲ ನಾವು ಹತ್ತು ಪ್ರಶ್ನೆ ಕೇಳಿದೆವು. ಅವಳು ತಡವರಿಸದೆ ಹತ್ತಕ್ಕೂ ಉತ್ತರ ಕೊಟ್ಟಳು. ಮೂವತ್ತು ವರ್ಷ ಪಾಠ ಹೇಳಿದ ಕಿವಿಗೆ ಕಂಠಪಾಠದ ಧಾಟಿಯು ಮರೆಯಾಗುವುದೆ? ಪ್ರತಿಯೊಂದು ಉತ್ತರದ ಕೊನೆಯಲ್ಲಿಯೂ ಧ್ವನಿಯು ಒಂದೇ ಸ್ಥಾನಕ್ಕೆ ಇಳಿಯುತ್ತಿದ್ದಿತು. ಆದಕಾರಣ ಮಾರನೆಯ ದಿನದಿಂದ ಒಂದು ನಿಯಮ ಮಾಡಿದೆವು: ಪ್ರತಿಯೊಂದು ಉತ್ತರವನ್ನೂ ಮೊದಲು ಕನ್ನಡದಲ್ಲಿ ಹೇಳತಕ್ಕದ್ದು. ಅವಳ ಕನ್ನಡ ಮನೆಯ ಕನ್ನಡ. ಊಟ, ನಿದ್ದೆ, ಜ್ವರ, ಸಿಟ್ಟು, ಪ್ರೀತಿಗಳಿಗೆ ಸಾಲುವುದು, ಅಲಂಕಾರಕ್ಕೆ ಸಾಲದು. ಬಾಯಿಪಾಠ ಮಾಡಿದ ಮಾತು ಭಾಷೆ ಬದಲಾಯಿಸಿದೊಡನೆ ಕುಸಿದುಬೀಳುವುದು. ತಿಳಿದು ಆಡುವ ಮಾತು ಎಷ್ಟು ಮುರುಕಾದರೂ ನಿಲ್ಲುವುದು. ಎಂಬತ್ತರಲ್ಲಿ ನಿಂತುಕೊಂಡವು ಹದಿನೈದು ಇಪ್ಪತ್ತಿರಬಹುದು.

ಎಲ್ಲಕ್ಕಿಂತ ಮೊದಲು ಬಿದ್ದದ್ದು, ಎಲ್ಲ ಶಾಲೆಗಳವರೂ ತಪ್ಪದೆ ಕೇಳುವ ಪ್ರಶ್ನೆ: ವೈದ್ಯಳೇ ಏಕಾಗಬಾರದು? ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಪುಟದ ಉತ್ತರವಿದ್ದಿತು. ಕನ್ನಡದಲ್ಲಿ ಕೇಳಿದಾಗ ಹುಡುಗಿಯು ಮಳೆಯನ್ನು ನೋಡುತ್ತ ಸುಮ್ಮನೆ ಕುಳಿತಳು. ನಾವೂ ಸುಮ್ಮನಿದ್ದೆವು. ಪ್ರಶ್ನೆ ಕೇಳಿದ ಮೇಲೆ ಮೌನವನ್ನು ಸಹಿಸದ ಉಪಾಧ್ಯಾಯರು ತಮ್ಮ ಉತ್ತರವನ್ನೇ ಕೇಳಿಕೊಳ್ಳುವರು, ಮಕ್ಕಳದನ್ನಲ್ಲ. ಬಹಳ ಹೊತ್ತಿನ ಮೇಲೆ ಅವಳು, “ನಮ್ಮ ಅಪ್ಪನೂ ಇದನ್ನೇ ಕೇಳೋದು, ದೊಡ್ಡಪ್ಪ” ಎಂದಳು. ಅನಂತರ ತಾನೇ ಮುಂದುವರಿದು, ಶುಶ್ರೂಷಾಲಯದಲ್ಲಿದ್ದ ವೃದ್ಧನೊಬ್ಬನ ಸಂಗತಿಯನ್ನು ಹೇಳಿದಳು. ಆತನು ಹದಿನೈದು ದಿನಗಳಿಂದ ಊಟ ಬಿಟ್ಟಿದ್ದನು. ವೈದ್ಯರು ಬಂದು ನೋಡಿ, ರಕ್ತಪರೀಕ್ಷೆ ಬರೆದು ಹೋದರು. ಮಾರನೆಯ ದಿನ ಬಂದ ಫಿಜಿಷಿಯನ್ ಅಸಿಸ್ಟೆಂಟು ಹೆಂಗಸು ಕುರ್ಚಿಯನ್ನು ಎಳೆದುಕೊಂಡು ಆತನ ಕಣ್ಣಿನ ಮಟ್ಟಕ್ಕೆ ಕುಳಿತು, ಬಾಯಿ ತೆಗೆಯಿಸಿ ನೋಡಿದಳು. ಕಟ್ಟಿಸಿದ ಹಲ್ಲು ಸಡಿಲವಾಗಿ ಒಸಡೆಲ್ಲ ಹುಣ್ಣಾಗಿದ್ದಿತು. “ನನಗೆ ಆ ಕುರ್ಚಿಯಲ್ಲಿ ಕೂತ್ಕೋಬೇಕು, ದೊಡ್ಡಪ್ಪ. ಮತ್ತೆ ಡಾಕ್ಟರಾಗೋಕ್ಕೆ ನಾಲ್ಕು ವರ್ಷ, ಅದಾದ ಮೇಲೆ ಮೂರರಿಂದ ಏಳು ವರ್ಷ ಆಸ್ಪತ್ರೇಲಿ. ಅಷ್ಟು ದಿನ ಕಾಯೋಕ್ಕೆ ನನಗಿಷ್ಟ ಇಲ್ಲ. ಆದರೆ ಇದನ್ನ ಹೇಳಿದರೆ ಸೋಮಾರಿ ಅಂದ್ಕೋತಾರೆ.”

ಈ ಎರಡನೆಯ ಮಾತನ್ನು ಬಿಡಬಾರದೆಂದು ನಾವು ಹೇಳಿದೆವು. ವೃದ್ಧನ ಕಥೆಯನ್ನು ಮಾತ್ರ ಹೇಳಿದರೆ ಪರೀಕ್ಷಕರು ಮೆಚ್ಚಬಹುದು. ವರ್ಷಗಳ ಲೆಕ್ಕವನ್ನೂ ಹೇಳಿದರೆ ನಂಬುವರು. ಮತ್ತು ವೈದ್ಯರು ಕೆಟ್ಟವರು, ಸಹಾಯಕಿ ಒಳ್ಳೆಯವಳು ಎಂಬ ಅರ್ಥ ಬಾರದಂತೆ ಹೇಳಬೇಕೆಂದೂ ಎಚ್ಚರಿಸಿದೆವು. ವೈದ್ಯರಿಗೆ ಅಂದು ಇನ್ನೆಷ್ಟು ರೋಗಿಗಳಿದ್ದರೋ ಯಾರು ಬಲ್ಲರು!

ಅಲ್ಲಿನ ಅನೇಕ ಶಾಲೆಗಳಲ್ಲಿ ಸಂದರ್ಶನದ ಕ್ರಮವೇ ಬೇರೆಯಾಗಿದೆ. ಒಬ್ಬರೋ ಇಬ್ಬರೋ ಪರೀಕ್ಷಕರು ಅರ್ಧ ಗಂಟೆ ಮಾತನಾಡಿಸಿದರೆ ಅಭ್ಯರ್ಥಿಯ ಯೋಗ್ಯತೆಗಿಂತ ಪರೀಕ್ಷಕರ ಅಭಿರುಚಿಯೇ ಹೆಚ್ಚು ಕೆಲಸ ಮಾಡುವುದೆಂದು ಕಂಡು, ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು ಈ ಶತಮಾನದ ಆರಂಭದಲ್ಲಿ ಒಂದು ಉಪಾಯವನ್ನು ಹೂಡಿದರು. ಒಂದು ದೊಡ್ಡ ಸಂದರ್ಶನಕ್ಕೆ ಬದಲಾಗಿ ಹತ್ತರಷ್ಟು ಚಿಕ್ಕ ಸಂದರ್ಶನಗಳು. ಒಂದೊಂದಕ್ಕೂ ಬೇರೆ ಪರೀಕ್ಷಕರು. ಪ್ರಶ್ನೆಯನ್ನು ಓದಿಕೊಳ್ಳಲು ಎರಡು ನಿಮಿಷ, ಉತ್ತರಕ್ಕೆ ಏಳೆಂಟು ನಿಮಿಷ. ಒಬ್ಬರ ಮುಂದೆ ಎಡವಿದರೆ ಮುಂದಿನವರಿಗೆ ಅದು ತಿಳಿಯದು. ನ್ಯಾಯವಾದ ಕ್ರಮವೆಂದೇ ನಮ್ಮ ಅಭಿಪ್ರಾಯ.

ಸುಶ್ರುತನು ಶಿಷ್ಯರಿಗೆ ಶಸ್ತ್ರವನ್ನು ಕೊಟ್ಟು ನೇರವಾಗಿ ರೋಗಿಯ ಬಳಿಗೆ ಕಳುಹಿಸುವುದಿಲ್ಲ. ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕೊಯ್ಯುವುದನ್ನೂ, ತಾವರೆಯ ದಂಟಿನ ಮೇಲೆ ಸಿರೆ ಬಿಡಿಸುವುದನ್ನೂ, ಬೊಂಬೆಯ ಕೈಕಾಲುಗಳಿಗೆ ಪಟ್ಟಿ ಕಟ್ಟುವುದನ್ನೂ ಕಲಿಸುವನು. ಈ ಅಭ್ಯಾಸಕ್ಕೆ ಯೋಗ್ಯಾ ಎಂದು ಹೆಸರು. ನಮ್ಮ ಜಗಲಿಯಲ್ಲಿ ನಾವೇ ಕುಂಬಳಕಾಯಾದೆವು. ಗಡಿಯಾರವಿಟ್ಟುಕೊಂಡು, ಒಮ್ಮೆ ಸಿಡುಕಿನ ರೋಗಿಯಾಗಿ, ಒಮ್ಮೆ ಅವಸರದ ವೈದ್ಯರಾಗಿ ಕುಳಿತೆವು. ಮೇಲಿನ ವೈದ್ಯರು ಔಷಧದ ಪ್ರಮಾಣವನ್ನು ತಪ್ಪಾಗಿ ಬರೆದಂತೆ ತೋರಿದರೆ ಏನು ಮಾಡುವೆಯೆಂದು ಕೇಳಿದ್ದಕ್ಕೆ ವಿನಯ, ಸಂವಾದ, ಸಹಕಾರ ಎಂಬ ದೊಡ್ಡ ಮಾತುಗಳು ಬಂದವು. “ಅವರು ಸಿಟ್ಟಾದರೆ?” ಎಂದೆವು. “ಆಗಲಿ. ಮಾತ್ರೆ ರೋಗಿ ಬಾಯಿಗೆ ಹೋಗೋಕ್ಕೆ ಮುಂಚೆ ಕೇಳ್ತೀನಿ. ಬೈಸಿಕೊಳ್ಳೋದು ಆಮೇಲೆ.” ಇದನ್ನೇ ಇಂಗ್ಲಿಷಿಗೆ ತಿರುಗಿಸಿಕೊ ಎಂದೆವು.

ಆ ದಿನಗಳಲ್ಲಿ ಎದುರುಮನೆಯ ಯಜಮಾನಿತಿಯನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಹುಡುಗಿಯೂ ಜೊತೆಗೆ ಹೋದಳು. ಹಿಂದಿರುಗಿದೊಡನೆ ಬೀದಿಯ ಹೆಂಗಸರೆಲ್ಲ ಅವಳನ್ನು ಸುತ್ತುವರಿದು, ಡಾಕ್ಟರು ಏನೆಂದರು, ಯಾವ ಕಾಯಿಲೆ ಎಂದು ಕೇಳತೊಡಗಿದರು. ನಮ್ಮ ಊರಿನಲ್ಲಿ ಇದು ಕುತೂಹಲವಲ್ಲ, ಮರ್ಯಾದೆ. ಕೇಳದಿದ್ದರೆ ಅಕ್ಕರೆಯಿಲ್ಲವೆಂದು ಅರ್ಥ. ಹುಡುಗಿಯು ನಗುತ್ತ, “ಅತ್ತೆ, ಅವರನ್ನೇ ಮಾತಾಡಿಸಿ, ಬೇಜಾರಾಗಿದೆ ಅವರಿಗೆ” ಎಂದು ಹೇಳಿ ಒಳಗೆ ಬಂದಳು. ರೋಗಿಯ ಮನೆಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದೆಂದು ಚರಕನು ಶಿಷ್ಯನಿಗೆ ವಿಧಿಸಿರುವುದನ್ನು ನಾವು ಅವಳಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಸಂದರ್ಶನದ ಕೊನೆಯಲ್ಲಿ ಪರೀಕ್ಷಕರು, ನೀವು ನಮ್ಮನ್ನು ಏನಾದರೂ ಕೇಳುವುದುಂಟೇ ಎನ್ನುವ ವಾಡಿಕೆಯಿದೆಯಂತೆ. ಹಿಂದಿನ ವರ್ಷ ಹುಡುಗಿಯು ಏನೂ ಇಲ್ಲವೆಂದು ವಂದನೆ ಹೇಳಿ ಎದ್ದಿದ್ದಳು. ಚರಕನ ಕ್ರಮದಲ್ಲಾದರೋ ಶಿಷ್ಯನೇ ಮೊದಲು ಶಾಸ್ತ್ರವನ್ನೂ ಆಚಾರ್ಯನನ್ನೂ ಪರೀಕ್ಷಿಸಿ ಆರಿಸಿಕೊಳ್ಳಬೇಕು. ಅದನ್ನು ಹೇಳಿದಾಗ ಅವಳಿಗೆ ಹಿಡಿಸಿತು. ತೇರ್ಗಡೆಯಾದವರಲ್ಲಿ ಎಷ್ಟು ಮಂದಿ ಅಲ್ಲಿಯ ರಾಷ್ಟ್ರೀಯ ಅರ್ಹತಾಪರೀಕ್ಷೆಯಲ್ಲಿ ಮೊದಲ ಸಲವೇ ಉತ್ತೀರ್ಣರಾಗುವರೆಂಬುದನ್ನು ಶಾಲೆಗಳು ಪ್ರಕಟಿಸಲೇಬೇಕಾದದ್ದರಿಂದ ಅದನ್ನು ಕೇಳುವುದು ವ್ಯರ್ಥ. ನಡುವೆ ಬಿಟ್ಟುಹೋದವರು ಏಕೆ ಬಿಟ್ಟರು, ಆಸ್ಪತ್ರೆಯ ಅಭ್ಯಾಸಕ್ಕೆ ಸ್ಥಳವನ್ನು ಶಾಲೆಯೇ ಗೊತ್ತುಮಾಡುವುದೋ ವಿದ್ಯಾರ್ಥಿಯೇ ಹುಡುಕಬೇಕೋ ಎಂಬ ಎರಡು ಪ್ರಶ್ನೆಗಳನ್ನು ಅವಳೇ ಬರೆದುಕೊಂಡಳು.

ಅಲ್ಲಿ ಬೆಳಗಿನ ಒಂಬತ್ತು ಗಂಟೆ. ಇಲ್ಲಿ ಸಂಜೆ ಆರೂವರೆ, ದೀಪ ಹಚ್ಚುವ ಹೊತ್ತು, ವಿದ್ಯುತ್ತು ಹೋಗುವ ಹೊತ್ತೂ ಅದೇ. ನಮ್ಮ ಮನೆಯವರು ಅಂದು ಮಧ್ಯಾಹ್ನವೇ ಅಡುಗೆ ಮುಗಿಸಿ, ಕುಕ್ಕರು ಮಿಕ್ಸರುಗಳಿಗೆ ರಜೆ ಕೊಟ್ಟಿದ್ದರು. ನಾವು ಬಾಗಿಲಲ್ಲಿ ಕುಳಿತು ಬಂದವರನ್ನೆಲ್ಲ ಕೈಸನ್ನೆಯಿಂದ ತಿರುಗಿಸಿ ಕಳುಹಿಸಿದೆವು. ಒಳಗಿನಿಂದ ಧ್ವನಿ ಕೇಳುತ್ತಿದ್ದಿತು, ಮಾತು ತಿಳಿಯುತ್ತಿರಲಿಲ್ಲ. ಕೊನೆಗೆ ಧ್ವನಿ ಇಳಿಯುವ ಸ್ಥಾನ ಮಾತ್ರ ಒಂದೊಂದು ಸಲ ಒಂದೊಂದಾಗಿದ್ದಿತು. ವಿದ್ಯುತ್ತು ಒಮ್ಮೆ ಹೋಯಿತು, ಬ್ಯಾಟರಿಯು ಕೈಬಿಡಲಿಲ್ಲ.

ಆ ರಾತ್ರಿ ತಮ್ಮನು ಫೋನು ಮಾಡಿ, ನಮ್ಮೊಡನೆ ಮೆಲ್ಲನೆ, “ಅಣ್ಣ, ಜೀವಮಾನವೆಲ್ಲ ಅಸಿಸ್ಟೆಂಟು ಅನ್ನಿಸಿಕೊಳ್ತಾಳಲ್ಲ” ಎಂದನು. ಅವನ ಸಂಕಟ ನಮಗೆ ತಿಳಿಯದುದಲ್ಲ. ಬಂಧುಗಳ ಮದುವೆಗಳಲ್ಲಿ ಮಗಳು ಮೆಡಿಕಲ್ ಓದುವಳೆಂದು ಹೇಳಿ ಮಾತು ತಿರುಗಿಸುತ್ತಿದ್ದವನು. “ನಮ್ಮ ಪಿಂಚಣಿಯ ಕಾಗದದಲ್ಲಿ ಏನು ಬರೆದಿದೆ, ನೋಡಿದ್ದೀಯಾ? ಸಹ ಶಿಕ್ಷಕ. ಮೊದಲ ದಿನವೂ ಅದೇ, ಕೊನೆಯ ದಿನವೂ ಅದೇ. ನಿನಗೆ ಶಬ್ದಮಂಜರಿ ಕಲಿಸಿದವನು ಹೆಡ್ಮಾಸ್ಟರಲ್ಲ” ಎಂದೆವು. ಅವನು ನಕ್ಕನು, ಒಪ್ಪಿದನೆಂದು ಹೇಳಲಾರೆವು.

ನಾಲ್ಕು ವಾರದ ಮೇಲೆ, ಅವಳು ಹಿಂದಿರುಗಿದ ತರುವಾಯ, ಪ್ರವೇಶ ದೊರೆತಿದೆಯೆಂಬ ಸಮಾಚಾರ ಬಂದಿತು. ಜನವರಿಯಿಂದ ತರಗತಿ. ತಮ್ಮನೇ ಹೇಳಿದನು, ಹೇಳಿ ಕೂಡಲೆ, ಊರಿನವರಿಗೆ ತಿಳಿಸಲು ಇದಕ್ಕೊಂದು ಕನ್ನಡದ ಹೆಸರು ಬೇಕೆಂದನು. ಹೆಸರಿನ ವ್ಯಾಜ್ಯ ಅವನದೊಂದೇ ಅಲ್ಲ. ಅಮೆರಿಕದ ಈ ವೃತ್ತಿಯವರ ಸಂಘವು 2021ರಲ್ಲಿ ಅಸಿಸ್ಟೆಂಟು ಎಂಬುದನ್ನು ಬಿಟ್ಟು ಅಸೋಸಿಯೇಟು ಎಂದಾಗಬೇಕೆಂದು ನಿರ್ಣಯಿಸಿತು. ನಮ್ಮ ದೇಶದ ಶಾಸನದಲ್ಲಿಯೂ ಅಸೋಸಿಯೇಟು ಎಂದೇ ಇದೆ. ಇಂಗ್ಲೆಂಡಿನಲ್ಲಿ ಮೊದಲೇ ಅಸೋಸಿಯೇಟು ಎನ್ನುತ್ತಿದ್ದರು. ರೋಗಿಗಳು ಇವರನ್ನು ವೈದ್ಯರೆಂದೇ ಭ್ರಮಿಸುವರೆಂದು, 2025ರ ಜುಲೈ ತಿಂಗಳಲ್ಲಿ ಅಲ್ಲಿಯ ವಿಚಾರಣೆಯೊಂದು ಅಸಿಸ್ಟೆಂಟು ಎಂಬ ಹೆಸರನ್ನೇ ಇಡಬೇಕೆಂದು ಸಲಹೆ ಮಾಡಿತು. ತಮ್ಮನಿಗೆ ಸಹವೈದ್ಯೆ ಎಂಬುದು ಹಿಡಿಸಿತು. ನಾವು ಒಪ್ಪಲಿಲ್ಲ. ತತ್ಪುರುಷದಲ್ಲಿ ಕೊನೆಯ ಪದವೇ ಪ್ರಧಾನ. ವೈದ್ಯೆ ಎಂದು ಮುಗಿದರೆ ಕೇಳಿದವರು ವೈದ್ಯೆಯೆಂದೇ ತಿಳಿಯುವರು. ವೈದ್ಯಸಹಾಯಕಿ ಎಂದು ಹೇಳಿ, ವಿಗ್ರಹವಾಕ್ಯವನ್ನೂ ಬಿಡಿಸಿ ತೋರಿಸಿದೆವು. ಹಿಂದಿನಿಂದ ಹುಡುಗಿಯು, “ದೊಡ್ಡಪ್ಪ, ಇನ್ನೊಂದು ಸಲ ನಿಧಾನವಾಗಿ ಹೇಳಿ, ಬರ್ಕೋತೀನಿ” ಎಂದಳು.