ಪ್ರದಕ್ಷಿಣವೋ ಅಪ್ರದಕ್ಷಿಣವೋ

ಕಳೆದ ಮಾಘಮಾಸದಲ್ಲಿ ನನ್ನ ಪತ್ನಿಯೂ ನಾನೂ ಹಾಸನದಿಂದ ಮೋಟಾರಿನಲ್ಲಿ ಹೊರಟು, ದೊಡ್ಡಗದ್ದವಳ್ಳಿ, ಬೇಲೂರು, ಹಳೇಬೀಡು, ಬೆಳವಾಡಿ, ಜಾವಗಲ್ಲು ಎಂಬ ಐದು ಊರುಗಳ ಹೊಯ್ಸಳ ದೇವಾಲಯಗಳನ್ನು ಸಂದರ್ಶಿಸಿ ಒಂದೇ ದಿನದಲ್ಲಿ ಹಿಂದಿರುಗಲು ನಿಶ್ಚಯಿಸಿದೆವು. ಐದು ಊರುಗಳನ್ನು ೧೨೦ ಕ್ರಮಗಳಲ್ಲಿ ಸುತ್ತಬಹುದು. ಹತ್ತಾದರೆ ಈ ಸಂಖ್ಯೆಯು ೩೬,೨೮,೮೦೦ಕ್ಕೆ ಏರುವುದು. ೧೯೫೪ರಲ್ಲಿ ಅಮೆರಿಕದ ಮೂವರು ಗಣಿತಜ್ಞರು ೪೯ ನಗರಗಳಿಗೆ ಅತ್ಯಲ್ಪ ದೂರದ ಸುತ್ತನ್ನು ಸಾಧಿಸಿ ತೋರಿಸಿದುದು ಸಾಮಾನ್ಯ ಕಾರ್ಯವಲ್ಲ. ನಮಗಾದರೋ ಭೂಪಟವೇ ದಾರಿ ತೋರಿತು. ಮೇಲೆ ಹೇಳಿದ ಕ್ರಮವೇ ಒಂದು ಪ್ರದಕ್ಷಿಣೆ. ಬೇಲೂರಿನಿಂದ ಹಳೇಬೀಡಿಗೆ ಸುಮಾರು ೧೬ ಕಿಲೋಮೀಟರು ಮಾತ್ರ.

ಆದರೆ ಜಾವಗಲ್ಲಿನಲ್ಲಿ ನಮ್ಮ ಅಕ್ಕನವರಿದ್ದಾರೆ. ಅವರಿಗೆ ೭೮ ವರ್ಷ. ಸಂಜೆಯಾದರೆ ಮುಖ ಗುರುತು ಸಿಕ್ಕದು. ಈ ಕ್ರಮದಲ್ಲಿ ಅವರ ಸರದಿಯೇ ಕಡೆಯದು. ಸುತ್ತನ್ನು ತಿರುಗುಮುರುಗಾಗಿ ನಡೆದರೂ ದೂರವು ಅಷ್ಟೇ ಆದುದರಿಂದ ಗಣಿತಜ್ಞರು ಎರಡನ್ನೂ ಒಂದೆಂದೇ ಎಣಿಸುವರು. ಅವರಿಗೆ ನಮ್ಮ ೧೨೦ ಕ್ರಮಗಳು ೬೦ ಮಾತ್ರ. ನನಗೆ ಮಾತ್ರ ಅವೆರಡೂ ಒಂದಾಗಿ ಕಾಣಲಿಲ್ಲ.

“ದೇವರಿಗೆ ಅಪ್ರದಕ್ಷಿಣವೇ?” ಎಂದು ಪತ್ನಿಯು ಶಂಕಿಸಿದಳು.

“ಹಿರಿಯರ ದರ್ಶನ ಮೊದಲಾಗಲಿ” ಎಂದೆನು.

ಎಳೆಬಿಸಿಲಿನಲ್ಲಿ ಜಗಲಿಯ ಮೇಲೆ ಕುಳಿತಿದ್ದ ಅಕ್ಕನವರು ನನ್ನ ಮುಖವನ್ನು ಎರಡು ಕೈಗಳಿಂದಲೂ ಹಿಡಿದು ನೋಡಿ, “ನಿನಗೂ ತಲೆ ನರೆತುಹೋಯಿತಲ್ಲೋ!” ಎಂದರು. ಅಲ್ಲಿಂದ ಏಳಲು ಹೊತ್ತಾಯಿತು. ದೊಡ್ಡಗದ್ದವಳ್ಳಿಯನ್ನು ಸೇರಿದಾಗ ಕತ್ತಲಾಗಿತ್ತು. ಅಲ್ಲಿನ ನಾಲ್ಕು ಗರ್ಭಗುಡಿಗಳಲ್ಲಿ ಒಂದನ್ನೂ ಕಾಣಲಿಲ್ಲ. ಒಂಬೈನೂರು ವರ್ಷಗಳಿಂದ ನಿಂತಿರುವ ದೇವಾಲಯವದು, ಇನ್ನೊಮ್ಮೆ ಹೋದೇವು.