ಆಲೆಫ್‌ಗಾರ್ಡ್‌ನ ಹಾಳೂರು ಮತ್ತು ಜೀರ್ಣೋದ್ಧಾರದ ಮಾತು

ಕಳೆದ ಚಾತುರ್ಮಾಸದಲ್ಲಿ ಮಗ ಹದಿನೈದು ದಿನ ಮನೆಗೆ ಬಂದಿದ್ದ. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಯುವ ಮನೆಯಲ್ಲಿ ಸಂಜೆಗಳು ದೀರ್ಘವಾಗಿರುತ್ತವೆ. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಅವನು ನಡುಮನೆಯ ಟಿ.ವಿ.ಗೆ ತನ್ನ ಯಂತ್ರವನ್ನು ಜೋಡಿಸಿಕೊಂಡು ವಿಡಿಯೋ ಗೇಮ್ ಆಡುತ್ತಿದ್ದ. ಈ ಆಟಗಳ ವಿಷಯದಲ್ಲಿ ನನಗಿದ್ದದ್ದು ಅಧ್ಯಾಪಕ ವರ್ಗಕ್ಕೆ ಸಹಜವಾದ ತಾತ್ಸಾರವೇ. ಒಂದು ಸಂಜೆ ಕನ್ನಡಕ ಹುಡುಕುತ್ತ ಒಳಗೆ ಹೋದವನು ಪರದೆಯ ಮೇಲೆ ಕುಸಿದ ಗೋಡೆಗಳನ್ನೂ ಹುಲ್ಲು ಕವಿದ ನೆಲಗಟ್ಟನ್ನೂ ಕಂಡು ನಿಂತೆ.

"ಇದು ಯಾವ ಊರೋ?" ಎಂದೆ.

"ಹಳೆಯ ಆಟವೊಂದರ ಊರು, ಅಪ್ಪಾಜಿ. ಹಾಳಾಗಿದೆ. ನಾನು ಮತ್ತೆ ಕಟ್ಟಬೇಕು" ಎಂದ.

ಹಾಳಾದ ಊರು ಎಂದರೆ ನನಗೆ ದೌರ್ಬಲ್ಯ. ಕುರ್ಚಿ ಎಳೆದುಕೊಂಡು ಕುಳಿತೆ. ಮುಂದಿನ ಸಂಜೆಗಳಲ್ಲಿ ಪುಸ್ತಕ ಜಗಲಿಯಲ್ಲೇ ಉಳಿಯಿತು.

ಜಪಾನಿನಲ್ಲಿ 1986ರ ಮೇ ತಿಂಗಳಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟ ಹೊರಬಂದಿತು. ಅದರ ಕಲ್ಪನೆ ಯೂಜಿ ಹೋರಿಯಿ ಅವರದು. ಪಾತ್ರಗಳ ರೂಪವನ್ನು ರಚಿಸಿದವರು ಚಿತ್ರಕಾರ ಅಕಿರಾ ತೊರಿಯಾಮಾ. ಆಲೆಫ್‌ಗಾರ್ಡ್ ಎಂಬ ದೇಶ, ಅದರ ಬೆಳಕನ್ನು ಕಸಿದ ಡ್ರ್ಯಾಗನ್‌ಲಾರ್ಡ್, ಅವನನ್ನು ಎದುರಿಸಲು ಹೊರಟ ಪುರಾತನ ವೀರನ ವಂಶಜ, ಕಥೆ ಇಷ್ಟೇ. ಜಪಾನಿನ ಒಂದು ತಲೆಮಾರಿನ ಮಕ್ಕಳಿಗೆ ಈ ದೇಶದ ಊರುಗಳು ತಮ್ಮ ಬೀದಿಗಳಷ್ಟೇ ಪರಿಚಿತ. ಕಥೆಯ ತುದಿಯಲ್ಲಿ ಖಳನು ವೀರನಿಗೆ ಒಂದು ಪ್ರಶ್ನೆ ಹಾಕುತ್ತಾನೆ: ನನ್ನ ಪಕ್ಷಕ್ಕೆ ಬಂದರೆ ಅರ್ಧ ಲೋಕವನ್ನು ನಿನಗೆ ಕೊಡುತ್ತೇನೆ, ಬರುವೆಯಾ? ಪರದೆಯ ಮೇಲೆ ‘ಹೌದು’, ‘ಇಲ್ಲ’ ಎಂಬ ಎರಡೇ ಉತ್ತರ. ‘ಇಲ್ಲ’ ಎಂದರೆ ಯುದ್ಧ. ಕುತೂಹಲಕ್ಕೋ ತುಂಟತನಕ್ಕೋ ‘ಹೌದು’ ಎಂದವನಿಗೆ ಆಟ ಅಲ್ಲಿಗೇ ಮುಗಿದುಹೋಗುತ್ತಿತ್ತು. ಮಕ್ಕಳು ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಿದ್ದರು, ಈ ಸಲ ‘ಇಲ್ಲ’ ಎನ್ನುತ್ತಿದ್ದರು.

ಮೂವತ್ತು ವರ್ಷಗಳ ತರುವಾಯ, 2016ರ ಜನವರಿಯಲ್ಲಿ, ಅದೇ ಪರಂಪರೆಯವರು ‘ಡ್ರ್ಯಾಗನ್ ಕ್ವೆಸ್ಟ್ ಬಿಲ್ಡರ್ಸ್’ ಎಂಬ ಆಟವನ್ನು ತಂದರು. ಇದು ಆ ‘ಹೌದು’ ಎಂಬ ಉತ್ತರದಿಂದ ಹುಟ್ಟಿದ ಲೋಕ. ವೀರ ಒಪ್ಪಿಕೊಂಡ, ಲೋಕ ಕತ್ತಲಾಯಿತು, ಊರುಗಳು ಅಳಿದವು. ಯಾರೂ ಬರೆಯದೆ ಬಿಟ್ಟಿದ್ದ ಕವಲನ್ನು ಹಿಡಿದು ಹೊಸ ಕಥನವನ್ನು ಬೆಳೆಸುವ ಈ ಕ್ರಮ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ. ಪೂರ್ವಕಥೆಯ ಒಂದು ಸಂದಿಯಲ್ಲಿ ಕೈಯಿಟ್ಟು ಕಾವ್ಯ ಕಟ್ಟಿದ ಕವಿಗಳನ್ನೇ ಅಲ್ಲವೇ ನಾವು ಪಾಠ ಹೇಳುವುದು!

ಆಟದ ನಾಯಕ ಕಣ್ಣು ತೆರೆಯುವುದು ಒಂದು ಸಮಾಧಿಯೊಳಗೆ. ದೇವತೆಯ ಧ್ವನಿಯೊಂದು ಅವನನ್ನು ಎಬ್ಬಿಸುತ್ತದೆ. ನೀನು ವೀರನಲ್ಲ, ಕಟ್ಟುವವನು ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತದೆ. ಆ ಲೋಕದಲ್ಲಿ ಜನರಿದ್ದಾರೆ; ಆದರೆ ಅವರಿಗೆ ಕಟ್ಟುವುದೇ ಮರೆತುಹೋಗಿದೆ. ಒಂದರ ಮೇಲೊಂದು ಕಲ್ಲಿಟ್ಟರೆ ಗೋಡೆಯಾಗುತ್ತದೆ ಎಂಬ ತಿಳಿವೇ ಅಳಿದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಮನೆ ಕಟ್ಟುವುದು, ಹಾಡು ಕಟ್ಟುವುದು, ಬುತ್ತಿ ಕಟ್ಟುವುದು, ಸಂಘ ಕಟ್ಟುವುದು: ನಮ್ಮ ನುಡಿಯಲ್ಲಿ ಎಷ್ಟೊಂದು ಬದುಕನ್ನು ಹೊತ್ತ ಧಾತು ಅದು! ಆ ಒಂದು ಕ್ರಿಯಾಪದವನ್ನು ಭಾಷೆಯಿಂದ ಕಿತ್ತುಹಾಕಿದರೆ ಉಳಿಯುವ ಜನಜೀವನ ಹೇಗಿದ್ದೀತು? ಆಟದ ಕರ್ತೃಗಳು ಊಹಿಸಿದ್ದು ಅದನ್ನೇ.

ನಾಯಕ ಕ್ಯಾಂಟ್ಲಿನ್ ಎಂಬ ಹಾಳು ಕೋಟೆಯೂರಿನಲ್ಲಿ ಒಂದು ಧ್ವಜ ನೆಡುತ್ತಾನೆ. ಅಲ್ಲಿ ಬೆಳಕು ಮೂಡುತ್ತದೆ. ಬೆಳಕನ್ನು ಕಂಡು ಒಬ್ಬೊಬ್ಬರೇ ಬರುತ್ತಾರೆ. ಮುರಿದ ಕೊಂಬೆಗೆ ಅಂಟನ್ನು ಸೇರಿಸಿ ಪಂಜು ಮಾಡುವುದರಿಂದ ಕೆಲಸ ಆರಂಭ. ಆ ಅಂಟು ನೀಲಿ ಬಣ್ಣದ, ನಗುಮುಖದ, ಹನಿಯಾಕಾರದ ಜೀವಿಗಳನ್ನು ಬಡಿದು ಪಡೆಯುವಂಥದು. ಪರ್ಯೂಷಣದ ದಿನಗಳಲ್ಲಿ ಮಗ ಅವುಗಳನ್ನು ಒಂದಾದಮೇಲೊಂದು ಬಡಿಯುವುದನ್ನು ನೋಡಿ ಅವನ ತಾಯಿ ಒಳಗಿನಿಂದಲೇ ಗದರಿದಳು. ಆ ಮಟ್ಟಿಗೆ ಆಟದ ಮೇಲಿನ ನನ್ನ ಆಕ್ಷೇಪವೂ ನಿಂತಿದೆ.

ಜಿನಸೇನರ ಆದಿಪುರಾಣವನ್ನೂ, ಅದನ್ನು ಅನುಸರಿಸಿ ಪಂಪನು 941ರಲ್ಲಿ ರಚಿಸಿದ ಕಾವ್ಯವನ್ನೂ ಓದಿದವರಿಗೆ ಇಲ್ಲಿ ಒಂದು ನೆನಪು ಬಾರದೆ ಇರದು. ಕಲ್ಪವೃಕ್ಷಗಳು ಬತ್ತಿದಾಗ ಏನು ಮಾಡಬೇಕೆಂದು ತಿಳಿಯದೆ ಕಂಗೆಟ್ಟ ಜನರಿಗೆ ಕುಲಕರರು ಬದುಕುವ ಬಗೆಯನ್ನು ಹೇಳಿಕೊಡುತ್ತಾರೆ. ನಾಭಿರಾಜನು ಆನೆಯ ಕುಂಭಸ್ಥಳದ ಮೇಲೆ ಹಸಿಮಣ್ಣನ್ನು ತಟ್ಟಿ ಪಾತ್ರೆ ಮಾಡಿ ತೋರಿಸಿದನೆಂದು ಜಿನಸೇನರು ಹೇಳುತ್ತಾರೆ. ವೃಷಭನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಕಲಿಸುತ್ತಾನೆ. ಇನ್ನು ಮುಂದೆ ಬರಲಿರುವ ಕಾಲದ ಚಿತ್ರವೂ ನಮ್ಮ ಆಗಮಗಳಲ್ಲಿದೆ. ಇಪ್ಪತ್ತೊಂದು ಸಾವಿರ ವರ್ಷಗಳ ಅತಿದುಃಷಮ ಕಾಲ ಮುಗಿಯುವಾಗ ಪ್ರಳಯವಾಗಿ, ವಿಜಯಾರ್ಧ ಪರ್ವತದ ಗುಹೆಗಳಲ್ಲಿ ಕೆಲವು ಯುಗಳಗಳು ಮಾತ್ರ ಉಳಿದು, ಉತ್ಸರ್ಪಿಣಿಯ ಮೊದಲ ಮಳೆಗಳು ನೆಲವನ್ನು ತಂಪುಮಾಡಿದ ಮೇಲೆ ಹೊರಬರುತ್ತವೆ. ಬೆಂಕಿ ಹಚ್ಚುವುದರಿಂದ ಎಲ್ಲವನ್ನೂ ಮತ್ತೆ ಕಲಿಯಬೇಕು. ಆಟದಲ್ಲಿಯೂ ಪ್ರತಿ ಅಧ್ಯಾಯ ಮುಗಿದಾಗ ನಾಯಕ ಗಳಿಸಿದ್ದೆಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಇನ್ನೊಂದು ಹಾಳೂರಿಗೆ ಹೋಗಬೇಕು. ಮಗನಿಗೆ ಇದು ಬೇಸರ. ನನಗೆ ಅಪರಿಗ್ರಹದ ಪಾಠದಂತೆ ಕಂಡಿತು, ಹೇಳಲಿಲ್ಲ.

ಆದರೆ ಸಾದೃಶ್ಯವನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ನಮ್ಮಲ್ಲಿ ಕೇಡು ಕಾಲದ ಗುಣ. ಅವಸರ್ಪಿಣಿ ಇಳಿಯುವುದು ಯಾರದೋ ಒಬ್ಬನ ತಪ್ಪಿನಿಂದಲ್ಲ. ಆಲೆಫ್‌ಗಾರ್ಡ್ ಹಾಳಾದದ್ದಾದರೋ ಒಬ್ಬನ ಒಂದು ಮಾತಿನಿಂದ. ನಾಯಕ ಮಲಗಿದಾಗ ಆ ಹಳೆಯ ವೀರನ ಬದುಕು ಕನಸಾಗಿ ಬರುತ್ತದೆ. ಕೊನೆಯ ಅಧ್ಯಾಯದಲ್ಲಿ ಅವನೇ ಎದುರಾಗುತ್ತಾನೆ. ದುಷ್ಟನೆಂದು ಅವನನ್ನು ನೂಕಿಬಿಡಲು ನನ್ನಿಂದಾಗಲಿಲ್ಲ. ಎಲ್ಲರೂ ಹೇಳಿದ್ದನ್ನು ಮಾಡುತ್ತ ಬಂದು ದಣಿದವನಂತೆ ಕಂಡ.

ಕ್ಯಾಂಟ್ಲಿನ್‌ನ ಕಥೆ ಇನ್ನೂ ಕಟು. 1986ರ ಆಟದಲ್ಲಿ ಆ ಊರಿನ ಬಾಗಿಲನ್ನು ಗೋಲೆಮ್ ಎಂಬ ಇಟ್ಟಿಗೆಯ ದೈತ್ಯ ಕಾಯುತ್ತಿದ್ದ. ಕೊಳಲೂದಿ ಅವನನ್ನು ನಿದ್ರೆಗೆ ಕೆಡವಿಯೇ ಒಳಹೋಗಬೇಕಿತ್ತು. ಹೊಸ ಆಟದಲ್ಲಿ ಊರನ್ನು ನಾಶಮಾಡಿದವನು ಅದೇ ಕಾವಲುಗಾರ. ಒಳಗಿನ ಜನ ತಮ್ಮತಮ್ಮಲ್ಲೇ ಕಚ್ಚಾಡಿದ್ದನ್ನು ಕಂಡು, ಊರಿಗೆ ಶತ್ರು ಈ ಜನರೇ ಎಂದು ಅವನು ತೀರ್ಮಾನಿಸಿದ. ಕಾಯುವುದೇ ಅವನ ಕೆಲಸ, ಕಾದೇ ಕೆಡಿಸಿದ.

ಒಂದು ಸಂಜೆ ಮಗ ಕ್ಯಾಂಟ್ಲಿನ್‌ನ ಗೋಡೆಯನ್ನು ಪೂರ್ತಿಗೊಳಿಸಿ, ಒಳಗೆ ಅಡುಗೆಮನೆ, ಮಲಗುವ ಕೋಣೆ ಎಲ್ಲವನ್ನೂ ಅಚ್ಚುಕಟ್ಟಾಗಿ ಕಟ್ಟಿ ನನಗೆ ತೋರಿಸಿದ.

"ಹಳೆಯ ಊರು ಹೀಗೇ ಇತ್ತೇನೋ?" ಎಂದೆ.

"ಗೊತ್ತಿಲ್ಲ ಅಪ್ಪಾಜಿ. ಆ ಆಟ ಬಂದಾಗ ನಾನು ಹುಟ್ಟಿರಲಿಲ್ಲ. ಇವರು ನಕ್ಷೆ ಕೊಡ್ತಾರೆ, ಹಾಗೆ ಕಟ್ಟಿದರಾಯಿತು."

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಕಾರಣವನ್ನು ಇಲ್ಲಿ ಹೇಳಲೇಬೇಕು.

ಬಸದಿಗಳ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಮಾಸ ಪದೇ ಪದೇ ಎದುರಾಗುತ್ತದೆ. ಒಡೆದದ್ದು, ಬಿರಿದದ್ದು, ಸವೆದದ್ದು ಇವುಗಳ ದುರಸ್ತಿಗೆಂದು ಇಷ್ಟು ಗದ್ದೆ, ಇಷ್ಟು ಬೆದ್ದಲೆ ಎಂದು ಬರೆದಿರುತ್ತಾರೆ. ಎಷ್ಟೋ ಕಡೆ ಬಸದಿಯನ್ನು ಮಾಡಿಸಿದ ದಾನಿಯೇ ಆ ಭೂಮಿಯನ್ನೂ ಬಿಟ್ಟಿರುತ್ತಾನೆ. ಕಲ್ಲು ಹೊಸದಾಗಿರುವಾಗಲೇ ಅದರ ಬಿರುಕಿಗೆ ಹಣ ತೆಗೆದಿಟ್ಟವರು ಅವರು. ಹಾಳಾಗುವುದು ಅವರಿಗೆ ಶಾಪವೂ ಅಲ್ಲ, ಆಶ್ಚರ್ಯವೂ ಅಲ್ಲ. ಮನೆಯ ಮಾಡಿಗೆ ವರ್ಷವರ್ಷವೂ ಹೆಂಚು ಕೈಯಾಡಿಸುವಂಥ ಕೆಲಸ.

ನಮ್ಮ ಪೂರ್ವಿಕರ ಊರಿನಲ್ಲಿ ಒಂದು ಸಣ್ಣ ಬಸದಿ ಇದೆ. ಅದರ ಅಂಗಳದಲ್ಲಿ ಒಂದು ಶಾಸನದ ಕಲ್ಲು ವಾಲಿ ನಿಂತಿತ್ತು. ಎಂ.ಎ. ಓದುವಾಗ ರಜೆಯಲ್ಲಿ ಹೋಗಿ ಅದರ ಮೊದಲ ಏಳು ಸಾಲುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡೆ. ಕೆಳಗಿನ ಸಾಲುಗಳು ಮಣ್ಣಿನಲ್ಲಿ ಹೂತಿದ್ದವು. ಇನ್ನೊಮ್ಮೆ ಬಂದು ಅಗೆಸಿ, ಪಡಿಯಚ್ಚು ತೆಗೆಯೋಣವೆಂದುಕೊಂಡೆ. ಆಮೇಲೆ ಪಿಎಚ್.ಡಿ., ಕೆಲಸ, ವರ್ಗಾವಣೆ. ಹನ್ನೆರಡು ವರ್ಷಗಳ ಹಿಂದೆ ಊರಿನ ಹಿರಿಯರು ಫೋನು ಮಾಡಿ, "ಜೀರ್ಣೋದ್ಧಾರ ಮಾಡಿಸುತ್ತಿದ್ದೇವೆ. ಅಂಗಳಕ್ಕೆ ಗ್ರಾನೈಟು ಹಾಸಬೇಕು. ಹಳೆಯ ಕಲ್ಲುಗಳನ್ನು ಮೆಟ್ಟಿಲಿಗೆ ಬಳಸಬಹುದೇ? ನೀವು ಓದಿದವರು, ಒಂದು ಮಾತು ಹೇಳಿ" ಎಂದರು. ಅಂದು ನನ್ನ ಮುಂದೆ ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟು ಇತ್ತು. ಯಾವ ಕಲ್ಲು ಎಂದು ಕೇಳಲಿಲ್ಲ. "ಹೌದು, ಮಾಡಿ" ಎಂದೆ.

ಕೇಳಿದವರು ಕೆಟ್ಟವರಲ್ಲ. ಬಸದಿ ಸೋರುತ್ತಿತ್ತು, ತಮ್ಮ ದುಡಿಮೆಯ ಹಣ ಹಾಕಿ ಅದನ್ನು ಉಳಿಸಿದರು. ಪಂಚಕಲ್ಯಾಣದ ದಿನ ನಾನೂ ಹೋಗಿ ಫಲಹಾರ ಮಾಡಿ ಬಂದೆ. ಶಾಸನದ ಕಲ್ಲು ಎರಡನೆಯ ಮೆಟ್ಟಿಲಾಗಿ, ಬರಹದ ಮುಖ ಕೆಳಗಾಗಿ ಕುಳಿತಿದೆಯೆಂಬುದು ಗೊತ್ತಾದದ್ದು ಅದರ ಮೇಲೆ ಹತ್ತಿಳಿದ ಬಳಿಕ.

ನನ್ನ ನೋಟ್‌ಬುಕ್ಕಿನ ಏಳು ಸಾಲುಗಳಲ್ಲಿ ಜಿನಶಾಸನದ ಸ್ತುತಿ ಇದೆ, ಅರಸನ ಬಿರುದುಗಳಿವೆ. ದಾನಿಯ ಹೆಸರಿಲ್ಲ, ದಾನದ ಉದ್ದೇಶವಿಲ್ಲ. ಅವೆಲ್ಲ ಕೆಳಗಿನ ಸಾಲುಗಳಲ್ಲಿ ಇದ್ದಿರಬೇಕು. ಆಟದ ನಾಯಕನಿಗೆ ನಕ್ಷೆ ಕೊಡುವವರಿದ್ದಾರೆ. ಇಲ್ಲಿ ನಕ್ಷೆಯನ್ನೇ ಮೆಟ್ಟಿಲು ಮಾಡಿದೆವು, ಅದಕ್ಕೆ ಒಪ್ಪಿಗೆ ಕೊಟ್ಟವನು ಕನ್ನಡ ಅಧ್ಯಾಪಕ.

ಮರುದಿನ ಬೆಳಿಗ್ಗೆ ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೆಟ್ಟಿಲನ್ನು ಎತ್ತಬಹುದಲ್ಲಾ, ಅಪ್ಪಾಜಿ? ಕಲ್ಲು ಅಲ್ಲೇ ಇದೆಯಲ್ಲ" ಎಂದ.

ಎತ್ತಬಹುದು. ಸಿಮೆಂಟಿನಲ್ಲಿ ಕೂರಿಸಿದ್ದಾರೆ; ಜೋಪಾನವಾಗಿ ಬಿಡಿಸಬೇಕು, ಖರ್ಚಿದೆ, ಊರಿನವರು ಒಪ್ಪಬೇಕು. ಅಂದು ನಾನೇ ಒಪ್ಪಿಗೆ ಕೊಟ್ಟದ್ದನ್ನು ಮೊದಲ ವಾಕ್ಯದಲ್ಲೇ ಬರೆದು, ಖರ್ಚನ್ನು ನಾನು ಭರಿಸುವೆನೆಂದು ಸೇರಿಸಿ ಸಮಿತಿಗೆ ಪತ್ರ ಕಳಿಸಿದ್ದೇನೆ. ದೀಪಾವಳಿಯ ನಿರ್ವಾಣಪೂಜೆ ಕಳೆದ ಮೇಲೆ ಸಭೆ ಸೇರುತ್ತಾರಂತೆ.