ಕಂಚಿಯ ಕಂಬ, ಪಟ್ಟದಕಲ್ಲಿನ ಗುಡಿ

ಕ್ಷೇತ್ರದರ್ಶನವೆಂಬುದು ನಮ್ಮ ಗೃಹಸ್ಥರಿಗೆ ಹೊಸದೇನೂ ಅಲ್ಲ. ಹಿಂದಿನವರು ಬುತ್ತಿ ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆದು ನೋಡುತ್ತಿದ್ದ ಕ್ಷೇತ್ರಗಳನ್ನು ನಾವೀಗ ನಾಲ್ಕು ದಿನಗಳ ರಜೆಯಲ್ಲಿ ನೋಡಿ ಬರುತ್ತೇವೆ. ಬೇಗ ಹೋಗಿ ಬೇಗ ಬರುವುದರಲ್ಲಿ ದೋಷವಿಲ್ಲ. ಆದರೆ ಮಂಗಳಾರತಿಯನ್ನು ತೆಗೆದುಕೊಂಡು, ಪ್ರಸಾದವನ್ನು ಸೆರಗಿಗೆ ಕಟ್ಟಿ, ಇನ್ನೊಂದು ಗುಡಿಯಾಯಿತೆಂದು ಲೆಕ್ಕ ಹಾಕುವ ಅವಸರದಲ್ಲಿ, ಅಲ್ಲಿಯ ಕಲ್ಲುಗಳು ಹೇಳುವ ಮಾತು ನಮ್ಮ ಕಿವಿಗೆ ಬೀಳದೆ ಹೋಗುವುದುಂಟು. ಅಂತಹ ಒಂದು ಮಾತನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಂಚಿಯ ಕಾಮಾಕ್ಷಿಯನ್ನು ನೋಡಬೇಕೆಂಬ ಅಭಿಲಾಷೆ ನಮ್ಮ ತಾಯಿಯವರಿಗೆ ಬಹುಕಾಲದಿಂದ ಇದ್ದಿತು. ನಮ್ಮ ಮನೆಯವರಿಗೆ ಅಲ್ಲಿಯ ರೇಷ್ಮೆಯ ಸೀರೆಯನ್ನು ನೇಯುವವರ ಮನೆಯಲ್ಲಿಯೇ ಕಂಡು ಕೊಳ್ಳಬೇಕೆಂಬ ಆಸೆ. ಚಿಕ್ಕವನಿಗೆ ಮೆಣಸು ಶುಂಠಿಗಳನ್ನು ಬೆರೆಸಿದ ಅಲ್ಲಿಯ ಇಡ್ಲಿಯ ಮೇಲೆ ಕಣ್ಣು. ಹೀಗೆ ಎಲ್ಲರಿಗೂ ಒಂದೊಂದು ಕಾರಣವಿದ್ದುದರಿಂದ ಪ್ರಯಾಣವು ಸುಲಭವಾಗಿಯೇ ನಿಶ್ಚಯವಾಯಿತು. ಎರಡು ದಿನಗಳಲ್ಲಿ ಕಾಮಾಕ್ಷಿ, ಏಕಾಮ್ರನಾಥ, ವರದರಾಜರ ದರ್ಶನವಾಯಿತು. ಮೂರನೆಯ ದಿನ ಬೆಳಗ್ಗೆ ಊರಿನ ಪಶ್ಚಿಮದ ಅಂಚಿನಲ್ಲಿರುವ ಕೈಲಾಸನಾಥನ ಗುಡಿಗೆ ಹೋದೆವು.

ಉಳಿದ ಗುಡಿಗಳ ಜನಸಂದಣಿ ಇಲ್ಲಿರಲಿಲ್ಲ. ಪಲ್ಲವರ ದೊರೆ ರಾಜಸಿಂಹನು 8ನೆಯ ಶತಮಾನದ ಆದಿಯಲ್ಲಿ ಇದನ್ನು ಕಟ್ಟಿಸಿದನು. ಪ್ರಾಕಾರದ ಉದ್ದಕ್ಕೂ 58 ಪುಟ್ಟ ಗುಡಿಗಳು ಒಂದಕ್ಕೊಂದು ಒತ್ತಿ ನಿಂತಿವೆ. ಕೆಲವುಗಳೊಳಗೆ ಹಳೆಯ ವರ್ಣಚಿತ್ರಗಳ ಚೂರುಪಾರುಗಳು ಗಾರೆಯ ಮೇಲೆ ಇನ್ನೂ ಉಳಿದಿವೆ. ಎಲ್ಲಿ ತಿರುಗಿದರೂ ಹಿಂಗಾಲಿನ ಮೇಲೆ ಎದ್ದು ನಿಂತ ಸಿಂಹಗಳು. ಮರಳುಗಲ್ಲಿನ ಕೆಲಸವಾದುದರಿಂದ ಅನೇಕ ಮೂರ್ತಿಗಳ ಮುಖಗಳು ಗಾಳಿಮಳೆಗೆ ಸವೆದು ಹೋಗಿವೆ. ಆದರೆ ನಾವು ಹುಡುಕುತ್ತಿದ್ದುದು ಮೂರ್ತಿಯನ್ನಲ್ಲ, ಮುಂದಿನ ಮಂಟಪದ ಒಂದು ಕಂಬವನ್ನು. ಆ ಕಂಬದ ಮೇಲಿರುವ ಬರಹವು ತಮಿಳಲ್ಲ, ಕನ್ನಡ!

ಕಂಚಿಯ ಶಿವನಿಗೆ ಕನ್ನಡದ ಶಾಸನವೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ನೂರು ವರ್ಷಗಳ ಹಿಂದಿನ ಕಥೆಯನ್ನು ಹೇಳಬೇಕಾಗುತ್ತದೆ. ಸುಮಾರು 642ರಲ್ಲಿ ಪಲ್ಲವರ ನರಸಿಂಹವರ್ಮನು ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದನು. ಅವನ ಶಾಸನವು ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ಆ ಅವಮಾನವು ಚಾಲುಕ್ಯರ ಮನೆತನದಲ್ಲಿ ತಲೆಮಾರುಗಳವರೆಗೆ ಮಾಸಲಿಲ್ಲ. ಪುಲಿಕೇಶಿಯ ವಂಶದ ಇಮ್ಮಡಿ ವಿಕ್ರಮಾದಿತ್ಯನು 8ನೆಯ ಶತಮಾನದಲ್ಲಿ ಕಂಚಿಯನ್ನು ಗೆದ್ದು ಒಳಹೊಕ್ಕನು. ಸೇಡು ತೀರಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯವುಂಟೇ? ಆದರೆ ಅವನು ಊರನ್ನು ಸುಡಲಿಲ್ಲ. ಕೈಲಾಸನಾಥನ ಗುಡಿಯ ಐಶ್ವರ್ಯವನ್ನು ಕಣ್ಣಾರೆ ಕಂಡು, ಅದನ್ನು ಸೂರೆಮಾಡದೆ ದೇವರಿಗೇ ಬಿಟ್ಟುಕೊಟ್ಟನು. ಕಂಬದ ಮೇಲಿನ ಕನ್ನಡವು ಹೇಳುವುದು ಇದನ್ನೇ. ಅವನ ಮಗ ಕೀರ್ತಿವರ್ಮನು 750ರಲ್ಲಿ ಕೊಟ್ಟ ಕೆಂದೂರಿನ ತಾಮ್ರಪಟವೂ ಇದನ್ನು ಸಮರ್ಥಿಸುತ್ತದೆ.

ಹನ್ನೆರಡು ನೂರು ವರ್ಷಗಳಿಗೂ ಹಳೆಯದಾದ ಆ ಲಿಪಿಯನ್ನು ಓದುವುದು ನಮ್ಮಂಥವರಿಗೆ ಸಾಧ್ಯವಲ್ಲ. ವಿದ್ವಾಂಸರು ಓದಿಟ್ಟುದನ್ನು ಮನೆಯವರಿಗೆಲ್ಲ ವಿವರಿಸಿದೆವು. ತಾಯಿಯವರು ಕಂಬದ ಬುಡದಲ್ಲಿ ಕುಳಿತು ಕೇಳಿದರು. ಎಲ್ಲವೂ ಮುಗಿದ ಮೇಲೆ, "ಸೂರೆಮಾಡಲು ಬಂದವನಿಗೆ ಇಂತಹ ಬುದ್ಧಿ ಬಂದಿತೆಂದರೆ, ಅವನ ಮನೆಯಾಕೆ ಒಳ್ಳೆಯವಳೇ ಇದ್ದಿರಬೇಕು" ಎಂದರು. ನಾವೆಲ್ಲ ನಕ್ಕೆವು.

ಅಷ್ಟರಲ್ಲಿ ಚಿಕ್ಕವನು ಹತ್ತಿರದ ಗೋಡೆಯನ್ನು ತೋರಿಸಿದನು. ಅಲ್ಲಿ ಯಾರೋ ಪುಣ್ಯಾತ್ಮರು ಮೊಳೆಯಿಂದ ತಮ್ಮ ಹೆಸರುಗಳನ್ನು ಕೊರೆದಿದ್ದರು. "ಅಜ್ಜೀ, ರಾಜನೂ ಹೆಸರು ಬರೆಸಿದನಲ್ಲ! ಇವರು ಬರೆದರೆ ತಪ್ಪೇನು?" ಎಂದು ಅವನ ಪ್ರಶ್ನೆ. ನಾವು ಉತ್ತರಕ್ಕಾಗಿ ತಡವರಿಸುತ್ತಿರುವಾಗಲೇ ಅವರು ಹೇಳಿದರು: "ಅವನು ಕೊಟ್ಟು ಬರೆಸಿದ, ಮಗು. ಇವರು ಏನು ಕೊಟ್ಟರು?"

ಆ ಶಾಸನದ ಕೊನೆಯಲ್ಲಿ ಒಂದು ಶಾಪವೂ ಉಂಟು. ಈ ಅಕ್ಷರಗಳನ್ನು ಕೆಡಿಸಿದವರು ಕಂಚಿಯ ಘಟಿಕೆಯ ಮಹಾಜನರನ್ನು ಕೊಂದವರ ಗತಿಗೆ ಹೋಗುವರೆಂದು ಅದರ ಭಾವ. ಘಟಿಕೆಯೆಂದರೆ ವಿದ್ಯಾಸ್ಥಾನ, ಕದಂಬರ ಮಯೂರಶರ್ಮನು ಗುರುವಿನೊಡನೆ ಓದಲು ಹೋದುದು ಕಂಚಿಯ ಘಟಿಕೆಗೇ. ಅಕ್ಷರವನ್ನು ಅಳಿಸುವುದು ವಿದ್ವಾಂಸನನ್ನು ಕೊಂದುದಕ್ಕೆ ಸಮವೆಂದು ಗೆದ್ದ ದೊರೆಯೇ ಬರೆಸಿದನೆಂದ ಮೇಲೆ, ಮೊಳೆಯನ್ನು ಹಿಡಿದ ಕೈ ಸ್ವಲ್ಪ ನಡುಗಬೇಡವೇ?

ತಾಯಿಯವರ ಮಾತು ಮನಸ್ಸಿನಲ್ಲಿ ಉಳಿದುದರಿಂದ, ಮುಂದಿನ ರಜೆಯಲ್ಲಿ ಅವರನ್ನು ಬಾದಾಮಿಯ ಮಾರ್ಗವಾಗಿ ಪಟ್ಟದಕಲ್ಲಿಗೆ ಕರೆದುಕೊಂಡು ಹೋದೆವು. ಏಕೆಂದರೆ ವಿಕ್ರಮಾದಿತ್ಯನ "ಮನೆಯಾಕೆ"ಯ ಗುರುತು ಅಲ್ಲಿದೆ. ಪತಿಯು ಮೂರು ಬಾರಿ ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಮಲಪ್ರಭೆಯ ದಡದಲ್ಲಿ ಲೋಕೇಶ್ವರನ ಗುಡಿಯನ್ನು ಕಟ್ಟಿಸಿದಳು. ಅದನ್ನೇ ಈಗ ವಿರೂಪಾಕ್ಷನ ಗುಡಿಯೆನ್ನುತ್ತಾರೆ. ಪಕ್ಕದ ಮಲ್ಲಿಕಾರ್ಜುನನ ಗುಡಿ ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷನ ಪ್ರಾಕಾರವನ್ನೂ ಅದಕ್ಕೆ ಒತ್ತಿದ ಚಿಕ್ಕ ಗುಡಿಗಳನ್ನೂ ಕಂಡೊಡನೆ ಕಂಚಿಯ ಕೈಲಾಸನಾಥನು ನೆನಪಾಗುತ್ತಾನೆ. ಹೊನ್ನನ್ನು ಅಲ್ಲಿಯೇ ಬಿಟ್ಟು ಬಂದವರು ಶಿಲ್ಪದ ಸೊಬಗನ್ನು ಮಾತ್ರ ಮನಸ್ಸಿನಲ್ಲಿ ಹೊತ್ತು ತಂದರೆಂದು ನಮಗೆ ತೋರಿತು.

ಈ ಗುಡಿಯ ಶಾಸನಗಳಲ್ಲಿ ರಾಜರಾಣಿಯರ ಹೆಸರು ಮಾತ್ರವಲ್ಲ, ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ, ತೆಂಕಣ ದಿಕ್ಕಿನ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯ ಹೆಸರೂ ಇವೆ. ಇಲ್ಲಿಯ ಗಾಯಕರಿಗೆ ಮಾವನಾದ ವಿಜಯಾದಿತ್ಯನು ಕೊಟ್ಟಿದ್ದ ಮರ್ಯಾದೆಗಳನ್ನು ರಾಣಿಯು ಹಾಗೆಯೇ ಮುಂದುವರಿಸಿದುದೂ ದಾಖಲಾಗಿದೆ. ಇದನ್ನು ಕೇಳಿ ತಾಯಿಯವರು ನಗಲಿಲ್ಲ; "ನಾನು ಹೇಳಿರಲಿಲ್ಲವೇ?" ಎಂದಷ್ಟೇ ಅಂದರು. ಚಿಕ್ಕವನಾದರೋ, ಉಳಿಹಿಡಿದವನಿಗೂ ಹಾಡಿದವನಿಗೂ ಕಲ್ಲಿನಲ್ಲಿ ಸ್ಥಳ ದೊರೆತುದನ್ನು ಕಂಡು, ಅವರೂ ಕೊಟ್ಟವರೇ ಎಂದು ತಾನಾಗಿಯೇ ತೀರ್ಮಾನಿಸಿದನು.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಯಾವ ಕ್ಷೇತ್ರಕ್ಕೆ ಹೋದರೂ, ದೇವರ ದರ್ಶನವಾದ ಮೇಲೆ ಒಂದು ಗಳಿಗೆಯನ್ನು ಉಳಿಸಿಕೊಂಡು, ಅಲ್ಲಿಯ ಒಂದೇ ಒಂದು ಶಾಸನದ ಅರ್ಥವನ್ನಾದರೂ ಮೊದಲೇ ತಿಳಿದುಕೊಂಡು ಹೋಗಿ ಮಕ್ಕಳಿಗೆ ಹೇಳಿರಿ. ಬರಹದ ಮೇಲೆ ಕುಂಕುಮವನ್ನೂ ಎಣ್ಣೆಯನ್ನೂ ಬಳಿಯದಂತೆ, ಗೋಡೆಯನ್ನು ಕೊರೆಯದಂತೆ ನೋಡಿಕೊಳ್ಳಿರಿ. ಶತ್ರುವಾಗಿ ಬಂದ ದೊರೆಯು ಉಳಿಸಿಹೋದ ಗುಡಿಯನ್ನು ಭಕ್ತರಾಗಿ ಹೋದ ನಾವು ಕೆಡಿಸಬಾರದಲ್ಲವೇ?